ಕ್ರೈಸ್ತ ಸೇವೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಲು ಸೆಮಿನರಿಯ ಓದು ಅನಿವಾರ್ಯವೇ?

ಪ್ರಶ್ನೆ: ಲೆಕ್ಕದ ಪುಸ್ತಕ

ಎಲ್ಲರಿಗೂ ವಂದನೆಗಳು. ನಾನು ವಾಣಿಜ್ಯ ಪದವೀಧರೆ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಸಭೆಯ, ಅಂದರೆ ಚರ್ಚಿನ, ಯುವಜನ ಕೂಟದಲ್ಲಿಯೂ ಸಂಡೇ ಸ್ಕೂಲಿನಲ್ಲಿಯೂ ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ರಜಾದಿನಗಳಲ್ಲಿ ಮಾಡುತ್ತಿರುವ ಸೇವೆಯನ್ನೇ ಪೂರ್ಣಕಾಲದ ವೃತ್ತಿಯಾಗಿ ತೆಗೆದುಕೊಳ್ಳಬೇಕೆಂಬ ಇಚ್ಛೆ ಈಗ ಗಟ್ಟಿಯಾಗಿದೆ. ಆದರೆ ಯಾವ ಬಾಗಿಲನ್ನು ತಟ್ಟಬೇಕೆಂಬುದು ತಿಳಿಯುತ್ತಿಲ್ಲ.

ನಮ್ಮ ಹಿರಿಯರಲ್ಲಿ ಒಬ್ಬರು, ಕರೆ ನಿಜವಾದದ್ದಾದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಾದ್ರಿಗಳಿಗೆ ದೈವಶಾಸ್ತ್ರ ಕಲಿಸುವ ಸೆಮಿನರಿಗೆ ಸೇರಬೇಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಇನ್ನೊಬ್ಬರು, ಸೇವೆ ಮಾಡಲು ಬರುವವರು ಬೇಕಾದಷ್ಟಿದ್ದಾರೆ, ಅದಕ್ಕೆ ಹಣ ಕೊಡುವವರು ಕಡಿಮೆ, ಆದ್ದರಿಂದ ದುಡಿದು ಕೊಡು ಎನ್ನುತ್ತಾರೆ. ಇಬ್ಬರ ಮಾತನ್ನೂ ಗೌರವದಿಂದಲೇ ಕೇಳಿದ್ದೇನೆ; ನನ್ನ ಗೊಂದಲ ಮಾತ್ರ ಹಾಗೆಯೇ ಉಳಿದಿದೆ.

ದೈವಶಾಸ್ತ್ರದ ಪದವಿಯಿಲ್ಲದೆ ಕ್ರೈಸ್ತ ಸೇವಾಸಂಸ್ಥೆಗಳಲ್ಲಿ ಜವಾಬ್ದಾರಿಯ ಹುದ್ದೆ ಸಿಗುತ್ತದೆಯೇ? ನನ್ನ ಲೆಕ್ಕಪತ್ರದ ಅನುಭವಕ್ಕೆ ಅಲ್ಲಿ ಬೆಲೆಯಿದೆಯೇ, ಇಲ್ಲವೇ ಬೇರೊಂದು ವಿದ್ಯೆಯನ್ನು ಮೊದಲಿನಿಂದ ಕಲಿಯಬೇಕೇ? ಸಂಬಳದ ವಿಷಯ ಕೇಳುವುದು ಸಣ್ಣತನವೆಂದು ಭಾವಿಸದೆ ಅದನ್ನೂ ಯಾರಾದರೂ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಇನ್ನೊಂದು ಅಳುಕೂ ಇದೆ: ಹಸಿದವರಿಗೆ ಊಟ ಬಡಿಸುವ ಜಾಗದಲ್ಲಿಯೇ ಸುವಾರ್ತೆಯನ್ನೂ ಸಾರಬೇಕೆಂದು ಮೇಲಿನವರು ಹೇಳಿದರೆ ನಾನು ಏನು ಮಾಡಬೇಕು?

ಉತ್ತರ: ಗೋದಾಮು

ಪರಿಹಾರ ಮತ್ತು ಪುನರ್ವಸತಿಯ ಕೆಲಸ ಮಾಡುವ ಕ್ರೈಸ್ತ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿ ದುಡಿದವನು ನಾನು. ನನ್ನ ಮಾತಿನಲ್ಲಿ ಆ ಕಡೆಯ ಒಲವು ಕಂಡರೆ ಆಶ್ಚರ್ಯಪಡಬೇಡಿ.

ನೀವು ಸೇರಬಯಸುವ ಕ್ಷೇತ್ರದಲ್ಲಿ ಮೂರು ಬೇರೆ ಬೇರೆ ಉದ್ಯೋಗಗಳು ಸೇರಿಕೊಂಡಿವೆ. ಸುವಾರ್ತೆ ಸಾರಿ ಸಭೆಗಳನ್ನು ಕಟ್ಟುವುದು ಒಂದು. ಅದಕ್ಕೆ ಸೆಮಿನರಿಯ ಓದನ್ನು ಬಹುತೇಕ ಸಭೆಗಳು ಕೇಳುತ್ತವೆ. ಆಸ್ಪತ್ರೆ, ಸೆರೆಮನೆ, ಕಾಲೇಜುಗಳಲ್ಲಿ ಜನರ ಆತ್ಮಿಕ ಆರೈಕೆ ಮಾಡುವುದು ಇನ್ನೊಂದು. ಮೂರನೆಯದು ಆಹಾರ, ವಸತಿ, ಶಿಕ್ಷಣ, ಆರೋಗ್ಯಗಳಿಗೆ ಸಂಬಂಧಿಸಿದ ಸಮಾಜಸೇವೆ. 1950ರಲ್ಲಿ ಆರಂಭವಾದ ವರ್ಲ್ಡ್ ವಿಷನ್, 1976ರಲ್ಲಿ ಆರಂಭವಾಗಿ ಬಡವರಿಗೆ ಮನೆ ಕಟ್ಟಿಸುತ್ತಿರುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ, ಕ್ಯಾಥೊಲಿಕ್ ಧರ್ಮಸಭೆಯ ಕಾರಿತಾಸ್ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಇಂಥ ಕಡೆ ಬೇಕಾಗುವವರು ನರ್ಸುಗಳು, ಎಂಜಿನಿಯರುಗಳು, ಶಿಕ್ಷಕರು, ಸಾಗಾಟ ನೋಡಿಕೊಳ್ಳುವವರು ಮತ್ತು ಲೆಕ್ಕ ಬಲ್ಲವರು. ದೈವಶಾಸ್ತ್ರ ಓದಿದ್ದರೆ ಒಳ್ಳೆಯದೇ. ಓದಿಲ್ಲವೆಂದು ಯಾರೂ ನಿಮ್ಮ ಅರ್ಜಿಯನ್ನು ಬದಿಗೆ ಸರಿಸುವುದಿಲ್ಲ.

ನಿಮ್ಮ ವಿದ್ಯೆಗೆ ಬೆಲೆಯಿದೆಯೇ ಎಂದು ಕೇಳಿದ್ದೀರಿ. ಸೇವಾಸಂಸ್ಥೆಯ ಲೆಕ್ಕ ಕಂಪನಿಯ ಲೆಕ್ಕದಂತಲ್ಲ. ಬಾವಿ ತೋಡಿಸಲೆಂದು ದಾನಿಯೊಬ್ಬರು ಕೊಟ್ಟ ಹಣವನ್ನು ಸಿಬ್ಬಂದಿಯ ಸಂಬಳಕ್ಕೆ ಬಳಸುವಂತಿಲ್ಲ. ಪ್ರವಾಹ ಪರಿಹಾರಕ್ಕೆ ಬಂದದ್ದು ಎಷ್ಟೇ ಉಳಿದರೂ ದಾನಿಯ ಒಪ್ಪಿಗೆಯಿಲ್ಲದೆ ಶಾಲೆಯ ಕಟ್ಟಡಕ್ಕೆ ತಿರುಗಿಸುವಂತಿಲ್ಲ. ಹೀಗೆ ಪ್ರತಿಯೊಂದು ನಿಧಿಗೂ ಬೇರೆಯೇ ಲೆಕ್ಕ ಇಡಬೇಕಾಗುತ್ತದೆ. ಇದರ ಹೊರತಾಗಿ ಆಹಾರದ ಚೀಲಗಳ ಹಂಚಿಕೆಯ ಲೆಕ್ಕವಿದೆ. ಹಂಚಿಕೆ ನಡೆದ ದಿನದ ಸಂಜೆ ಮೇಜಿನ ಮೇಲೆ ಮೂರು ಕಾಗದಗಳು ಬರುತ್ತವೆ: ಗೋದಾಮಿನಿಂದ ಹೊರಟ ಚೀಲಗಳ ಚಲನ್, ಸಹಿ ಹಾಗೂ ಹೆಬ್ಬೆಟ್ಟುಗಳಿರುವ ಫಲಾನುಭವಿಗಳ ಪಟ್ಟಿ, ಉಳಿದು ವಾಪಸಾದ ಚೀಲಗಳ ರಸೀದಿ. ಕೊನೆಯ ಎರಡನ್ನು ಕೂಡಿದರೆ ಮೊದಲನೆಯದಕ್ಕೆ ತಾಳೆಯಾಗಬೇಕು. ನಾಲ್ಕು ಚೀಲ ಕಡಿಮೆ ಬಿದ್ದರೆ, ಸಾಲಿನಲ್ಲಿ ನಿಲ್ಲಲಾಗದ ಮುದುಕಿಯರ ಮನೆಗೆ ಸ್ವಯಂಸೇವಕನೊಬ್ಬ ಸಹಿ ಪಡೆಯದೆ ಹೊತ್ತುಕೊಂಡು ಹೋಗಿ ಕೊಟ್ಟನೋ, ಲಾರಿಯಿಂದಲೇ ಯಾರಾದರೂ ಇಳಿಸಿಕೊಂಡರೋ ಎಂಬುದನ್ನು ಅಂದೇ ವಿಚಾರಿಸಬೇಕು. ಮರುದಿನ ಯಾರಿಗೂ ನೆನಪಿರುವುದಿಲ್ಲ. ಈ ಕಾಗದಗಳನ್ನು ಸರಿಯಾಗಿ ಇಡುವವರು ಸಿಗದೆ ಮುಚ್ಚಿಹೋದ ಸೇವಾಕೇಂದ್ರಗಳನ್ನು ನಾನು ಬಲ್ಲೆ.

ನಿಮ್ಮ ಅಳುಕಿಗೆ ಬರೆದಿಟ್ಟ ಉತ್ತರವೇ ಇದೆ. ವಿಪತ್ತು ಪರಿಹಾರದ ಕೆಲಸಕ್ಕಾಗಿ 1994ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನೀತಿಸಂಹಿತೆಯ ಮೂರನೆಯ ನಿಯಮವು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದಿಡಲು ಬಳಸಬಾರದು ಎನ್ನುತ್ತದೆ. ರೆಡ್ ಕ್ರಾಸ್ ಜೊತೆಗೆ ಅದನ್ನು ಮುಂದಿಟ್ಟವರಲ್ಲಿ ಕಾರಿತಾಸ್ ಇಂಟರ್‌ನ್ಯಾಷನಲಿಸ್, ಲುಥೆರನ್ ವರ್ಲ್ಡ್ ಫೆಡರೇಶನ್ ಮತ್ತು ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಎಂಬ ಕ್ರೈಸ್ತ ಸಂಸ್ಥೆಗಳೂ ಇದ್ದವೆಂಬುದನ್ನು ಗಮನಿಸಬೇಕು. ಅಂದರೆ ಸಭೆಗಳ ಮೇಲೆ ಹೊರಗಿನವರು ಹೇರಿದ ನಿಯಮ ಇದಲ್ಲ. ಸಂಸ್ಥೆ ತನ್ನ ನಂಬಿಕೆಯನ್ನು ಇಟ್ಟುಕೊಳ್ಳಬಹುದು, ಆದರೆ ಆ ನಂಬಿಕೆಯನ್ನು ಒಪ್ಪುವುದು ಚೀಲ ಪಡೆಯಲು ಷರತ್ತಾಗಬಾರದು. ಮೇಲಿನವರು ಒತ್ತಾಯಿಸಿದರೆ ಈ ನಿಯಮವನ್ನು ಅವರ ಮುಂದಿಡಿ.

ಉತ್ತರ: ವಾರ್ಡಿನ ಬಾಗಿಲು

ಮೊದಲು ಉತ್ತರಿಸಿದವರು ಎರಡನೆಯ ಉದ್ಯೋಗವಾದ ಆತ್ಮಿಕ ಆರೈಕೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ. ಅದು ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ಬರೆಯುತ್ತೇನೆ.

ಆಸ್ಪತ್ರೆಯಲ್ಲಿ ಈ ಆರೈಕೆ ಮಾಡುವ ಚಾಪ್ಲೈನ್ ಎಂದರೆ ಕೊನೆಯ ಗಳಿಗೆಯಲ್ಲಿ ಬಂದು ಪ್ರಾರ್ಥಿಸಿ ಹೋಗುವವರು ಎಂದು ಅನೇಕರು ತಿಳಿದಿದ್ದಾರೆ. ಈ ಕೆಲಸಕ್ಕೆ ಕ್ರಮಬದ್ಧವಾದ ತರಬೇತಿಯಿದೆ. ಆಂಟನ್ ಬಾಯ್ಸೆನ್ ಎಂಬ ಪಾದ್ರಿಯವರು 1925ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವುಸ್ಟರ್ ಮಾನಸಿಕ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು, ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಗಳ ಮಾತನ್ನು ಕೇಳಲು ಕಲಿಸಿದರು. ಅಲ್ಲಿಂದ ಬೆಳೆದ ಕ್ಲಿನಿಕಲ್ ಪ್ಯಾಸ್ಟೊರಲ್ ಎಜುಕೇಶನ್ ತರಬೇತಿಯ ಒಂದು ಘಟಕಕ್ಕೆ ಆ ದೇಶದಲ್ಲಿ 400 ಗಂಟೆಗಳು ಬೇಕು. ಪ್ರಮಾಣಪತ್ರವಿರುವ ಚಾಪ್ಲೈನ್ ಆಗಲು ಸಾಮಾನ್ಯವಾಗಿ ಅಂಥ ನಾಲ್ಕು ಘಟಕಗಳನ್ನು ಮುಗಿಸಬೇಕು. ಇತರ ದೇಶಗಳಲ್ಲಿ ನಿಯಮ ಬೇರೆಯಿರಬಹುದು, ಕಲಿಕೆಯ ರೀತಿಯಲ್ಲಿ ಹೋಲಿಕೆಯಿರುತ್ತದೆ.

ಆ ಕಲಿಕೆಯಲ್ಲಿ ನನಗೆ ಅತ್ಯಂತ ಕಠಿಣವೆನಿಸಿದ್ದು ಸಂಭಾಷಣೆಯ ವರದಿ. ರೋಗಿಯನ್ನು ಕಂಡು ಬಂದ ಮೇಲೆ, ಅವರು ಆಡಿದ ಮಾತು, ನಾವು ಆಡಿದ ಮಾತು, ನಡುವಿನ ಮೌನ ಎಲ್ಲವನ್ನೂ ನೆನಪಿನಿಂದ ಸಾಲುಸಾಲಾಗಿ ಬರೆದು ಸಹಪಾಠಿಗಳ ಮುಂದೆ ಓದಬೇಕು. “ನನ್ನ ಮಗ ಇನ್ನೂ ಬಂದಿಲ್ಲ” ಎಂದು ರೋಗಿ ಹೇಳಿದಾಗ ವಿದ್ಯಾರ್ಥಿ “ದೇವರು ನಿಮ್ಮ ಜೊತೆಗಿದ್ದಾನೆ” ಎಂದು ಉತ್ತರಿಸಿದ್ದರೆ, ಮಗನ ವಿಷಯವನ್ನು ಅಲ್ಲಿಗೇ ಏಕೆ ಮುಚ್ಚಿದಿರಿ, ಆ ಕ್ಷಣದಲ್ಲಿ ಸಮಾಧಾನ ಬೇಕಾಗಿದ್ದುದು ರೋಗಿಗೋ ನಿಮಗೋ ಎಂದು ಮಾರ್ಗದರ್ಶಕರು ಕೇಳುತ್ತಾರೆ. ರೋಗಿಯ ಮೇಲೆ ತನ್ನ ನಂಬಿಕೆಯನ್ನು ಹೇರಬಾರದೆಂಬುದು ಈ ವೃತ್ತಿಯ ನೀತಿಸಂಹಿತೆಯಲ್ಲಿಯೂ ಇದೆ. ಅನ್ಯಧರ್ಮೀಯರು ಕೇಳಿಕೊಂಡರೆ ಅವರ ಧರ್ಮಗುರುಗಳಿಗೆ ಹೇಳಿಕಳುಹಿಸುವುದು ನಮ್ಮ ಕರ್ತವ್ಯವೇ ಆಗಿರುತ್ತದೆ.

ಹಳೆಯ ವಿದ್ಯೆ ವ್ಯರ್ಥವಾಗುತ್ತದೆಯೇ ಎಂಬ ನಿಮ್ಮ ಚಿಂತೆಗೆ ಸಿಸಿಲಿ ಸಾಂಡರ್ಸ್ ಅವರ ಜೀವನವನ್ನು ನೋಡಬಹುದು. ಅವರು ಮೊದಲು ನರ್ಸ್ ಆಗಿದ್ದರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾದರು. ಸಾವಿನ ಅಂಚಿನಲ್ಲಿರುವವರ ನೋವಿನ ವಿಷಯದಲ್ಲಿ ಏನಾದರೂ ಬದಲಾಗಬೇಕಾದರೆ ತಾವೇ ವೈದ್ಯರಾಗಬೇಕೆಂದು ಕಂಡುಕೊಂಡು 1957ರಲ್ಲಿ ವೈದ್ಯಕೀಯ ಪದವಿ ಪಡೆದರು. 1967ರಲ್ಲಿ ಲಂಡನ್ನಿನಲ್ಲಿ ಅಂಥವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಇದೆಲ್ಲವನ್ನೂ ಅವರು ಕ್ರೈಸ್ತ ಕರೆಯೆಂದೇ ತಿಳಿದಿದ್ದರು, ಮತ್ತು ಮೂರು ವೃತ್ತಿಗಳ ಅನುಭವವೂ ಆ ಹಾಸ್ಪಿಸ್‌ನಲ್ಲಿ ಬಳಕೆಗೆ ಬಂದಿತು.

ಉತ್ತರ: ನಿವೃತ್ತ ಸಭಾಪಾಲಕ

ಸಹೋದರಿ, ಸಂಬಳದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನಾನು ಮುಟ್ಟುತ್ತೇನೆ. ಅದನ್ನು ಕೇಳುವುದು ಖಂಡಿತ ಸಣ್ಣತನವಲ್ಲ.

ಸೇವಾಸಂಸ್ಥೆಯ ನೌಕರರಿಗೆ ತಿಂಗಳ ಸಂಬಳವಿರುತ್ತದೆ, ಆದರೆ ಯೋಜನೆ ಮುಗಿದರೆ ಹುದ್ದೆಯೂ ಮುಗಿಯಬಹುದು. ವಿಲಿಯಂ ಬೂತ್ ದಂಪತಿಗಳು 1865ರಲ್ಲಿ ಆರಂಭಿಸಿದ ಕೆಲಸದಿಂದ ಬೆಳೆದ ಸಾಲ್ವೇಶನ್ ಆರ್ಮಿ ಎಂಬ ಸಭೆಯಲ್ಲಿ ಅಧಿಕಾರಿಗಳೆಂದು ಕರೆಯುವ ಪಾದ್ರಿಗಳಿಗೆ ವಾಸದ ಮನೆ ಮತ್ತು ಭತ್ಯೆ ಸಿಗುತ್ತದೆ, ಕಳುಹಿಸಿದ ಕಡೆಗೆ ಹೋಗಬೇಕಾಗುತ್ತದೆ. ಹಡ್ಸನ್ ಟೇಲರ್ ಅದೇ 1865ರಲ್ಲಿ ಸ್ಥಾಪಿಸಿದ ಚೈನಾ ಇನ್‌ಲ್ಯಾಂಡ್ ಮಿಷನ್ನಿನಲ್ಲಿ ನಿಶ್ಚಿತ ಸಂಬಳವಿರಲಿಲ್ಲ; ಸಾಲ ಮಾಡಬಾರದು, ಹಣಕ್ಕಾಗಿ ಯಾರನ್ನೂ ಬೇಡಬಾರದು ಎಂಬ ನಿಯಮವಿತ್ತು. ಇಂದಿನ ಅನೇಕ ಮಿಷನ್ನುಗಳಲ್ಲಿ ಕೆಲಸಗಾರರೇ ಬಂಧುಗಳನ್ನೂ ಸಭೆಗಳನ್ನೂ ಕೇಳಿ ತಮ್ಮ ಬೆಂಬಲದ ಹಣವನ್ನು ಹೊಂದಿಸಿಕೊಳ್ಳಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬೇರೆ ವೃತ್ತಿಯಿಂದ ಹೊಟ್ಟೆ ಹೊರೆದು ಸೇವೆ ಮಾಡುವ ದಾರಿಯೂ ಹಳೆಯದೇ: ಅಪೊಸ್ತಲ ಪೌಲನು ಗುಡಾರ ಹೊಲಿದನು, ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿ ನೀಲಿ ಬಣ್ಣದ ಕಾರ್ಖಾನೆ ನೋಡಿಕೊಂಡರು.

ನಿಮ್ಮ ಹಿರಿಯರಿಬ್ಬರೂ ಸಾರುವ ಕೆಲಸವನ್ನು ಮೇಲೆಯೂ ಲೆಕ್ಕದ ಕೆಲಸವನ್ನು ಕೆಳಗೆಯೂ ಇಟ್ಟಂತೆ ಕಾಣುತ್ತದೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೆಯ ಅಧ್ಯಾಯವನ್ನು ಅವರೊಡನೆ ಕುಳಿತು ಓದಿರಿ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ, ಊಟ ಬಡಿಸುವ ಆ ಮೇಜಿನ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಲಾಯಿತು; ಅಪೊಸ್ತಲರು ಪ್ರಾರ್ಥಿಸಿ ಅವರ ಮೇಲೆ ಕೈಗಳನ್ನಿಟ್ಟರು. ಆ ಏಳು ಮಂದಿಯಲ್ಲಿ ಸ್ತೆಫನನೂ ಫಿಲಿಪ್ಪನೂ ಇದ್ದರು. ಮುಂದಿನ ಎರಡು ಅಧ್ಯಾಯಗಳ ತುಂಬ ಸಾರುವವರು ಅವರೇ.

ಪ್ರಶ್ನೆ ಕೇಳಿದವರಿಂದ: ಲೆಕ್ಕದ ಪುಸ್ತಕ

ಮೂವರಿಗೂ ಕೃತಜ್ಞತೆಗಳು. ಈಗಿನ ಕೆಲಸ ಬಿಡದೆ, ಸೇವಾಸಂಸ್ಥೆಯ ಹಣಕಾಸು ಹುದ್ದೆಗೆ ಅರ್ಜಿ ಹಾಕಿ, ದೈವಶಾಸ್ತ್ರವನ್ನು ಅಂಚೆ ಶಿಕ್ಷಣದ ಮೂಲಕ ಓದಬಹುದೆಂದು ತೋರುತ್ತಿದೆ. ಸಂದರ್ಶನಕ್ಕೆ ಕರೆದರೆ ನಾನು ಅವರನ್ನು ಏನೇನು ಕೇಳಬೇಕು?

ಉತ್ತರ: ಗೋದಾಮು

ಹಿಂದಿನ ವರ್ಷದ ಆಡಿಟ್ ವರದಿಯನ್ನು ಕೇಳಿರಿ. ನಿಮ್ಮ ಹುದ್ದೆಗೆ ಹಣ ಯಾವ ನಿಧಿಯಿಂದ ಬರುತ್ತದೆ, ಆ ನಿಧಿ ಎಂದಿನವರೆಗೆ ಇರುತ್ತದೆ ಎಂದು ಕೇಳಿರಿ. ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಯಾದರೆ ಮಕ್ಕಳ ರಕ್ಷಣೆಯ ನಿಯಮಗಳು ಲಿಖಿತವಾಗಿವೆಯೇ, ಹೊಸಬರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆಯೇ ಎಂಬುದು ತಿಳಿದಿರಲೇಬೇಕು. ಸಂಸ್ಥಾಪಕರ ಕುಟುಂಬದ ಹೊರಗಿನವರು ಆಡಳಿತ ಮಂಡಳಿಯಲ್ಲಿ ಇದ್ದಾರೆಯೇ, ತಪ್ಪು ಕಂಡುಬಂದರೆ ಯಾರಿಗೆ ದೂರು ಕೊಡಬೇಕು ಎಂಬುದನ್ನೂ ವಿಚಾರಿಸಿರಿ. ಲೆಕ್ಕ ನೋಡುವವರ ಕಣ್ಣಿಗೇ ತಪ್ಪು ಮೊದಲು ಬೀಳುವುದರಿಂದ ಇದು ನಿಮಗೆ ಉಳಿದವರಿಗಿಂತ ಹೆಚ್ಚು ಬೇಕಾಗುತ್ತದೆ. ಆಡಿಟ್ ವರದಿಯ ಮಾತೆತ್ತಿದಾಗ “ಇಲ್ಲಿ ಎಲ್ಲವೂ ನಂಬಿಕೆಯ ಮೇಲೆ ನಡೆಯುತ್ತದೆ” ಎಂಬ ಉತ್ತರ ಬಂದರೆ, ವಂದಿಸಿ ಎದ್ದು ಬಂದು ಬೇರೆ ಕಡೆಗೆ ಅರ್ಜಿ ಹಾಕಿರಿ.