ಕ್ಯಾಲಿಫೋರ್ನಿಯಾದಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್: ಯಾವುದು ತಗೋಬಹುದು?

ಪ್ರಶ್ನೆ: ಊರು ಮಡಿಕೇರಿ, ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು. ಈಗ ಫ್ರೀಮಾಂಟ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಶೂಟಿಂಗ್ ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ ಸೆಮಿ ಆಟೋಮ್ಯಾಟಿಕ್ ರೈಫಲ್ (ಟ್ರಿಗರ್ ಒತ್ತಿದಾಗಲೆಲ್ಲ ಒಂದೊಂದೇ ಗುಂಡು ಹಾರಿ, ಮುಂದಿನದು ತಾನೇ ಲೋಡ್ ಆಗುವಂಥದ್ದು) ಬೇಕು. ಕಾನೂನು ಒಂಚೂರೂ ಮೀರಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಸುರಕ್ಷತಾ ಪರೀಕ್ಷೆ ಬರೆಯಿರಿ. 30ರಲ್ಲಿ 23 ಸರಿ ಬಂದರೆ ಪಾಸ್. ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು.

ಉತ್ತರ: ಸೆಂಟರ್‌ಫೈರೇ (ಗುಂಡಿನ ತಳದ ನಡುವಿಗೆ ಪಿನ್ ಹೊಡೆದು ಸಿಡಿಸುವಂಥದ್ದು) ಬೇಕಾ? ಹಾಗಾದರೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಕಳಚುವಂಥದ್ದರಲ್ಲಿ ಪಿಸ್ತೂಲ್ ಗ್ರಿಪ್ (ಪಿಸ್ತೂಲಿನಂಥ ಹಿಡಿ), ಮಡಚುವ ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗ), ಫ್ಲ್ಯಾಶ್ ಸಪ್ರೆಸರ್ (ನಳಿಕೆ ತುದಿಯಲ್ಲಿ ಬೆಂಕಿಯ ಹೊಳಪು ತಗ್ಗಿಸುವ ಭಾಗ) ಒಂದೂ ಇರಬಾರದು. ಮರದ ಸ್ಟಾಕ್‌ನ ರೂಗರ್ ಮಿನಿ-14 ನೋಡಿ, ನನಗೆ ತುಂಬಾ ಇಷ್ಟ. 10 ಗುಂಡಿಗಿಂತ ಜಾಸ್ತಿ ಹಿಡಿಯುವ ಮ್ಯಾಗಜೀನ್ ಮಾತ್ರ ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಎಚ್-1ಬಿಯಲ್ಲಿರುವ ಗೆಳೆಯನೂ ತಗೋಬಹುದಾ?

ಉತ್ತರ: ಬೇಟೆ ಲೈಸೆನ್ಸ್ ಇಲ್ಲದಿದ್ದರೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಮೊದಲು ವಕೀಲರನ್ನು ಕೇಳಲಿ.