ಪಿಪಿಒದಲ್ಲಿ ಅವ್ವನ ಹೆಸರು ತಪ್ಪು: ಆಧಾರ್ ತಿದ್ದಿಸೋದಾ, ಮಿಲಿಟರಿ ದಾಖಲೆ ತಿದ್ದಿಸೋದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಜಗಳೂರು ತಾಲ್ಲೂಕು

ಅಪ್ಪ 1978ರಲ್ಲಿ ಎಎಸ್‌ಸಿಗೆ (ಸೇನೆಯ ಸರಬರಾಜು ದಳ) ಭರ್ತಿಯಾಗಿ 1995ರಲ್ಲಿ ನಾಯಕ್ ಆಗಿ ಪೆನ್ಷನ್ ಬಂದವರು. ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ) ಅವ್ವನ ಹೆಸರು ಗಂಗಮ್ಮ ಅಂತಿದೆ. ಆಧಾರ್, ಪ್ಯಾನ್, ಪಹಣಿ ಎಲ್ಲದರಲ್ಲೂ ಗಂಗಾಧರಮ್ಮ. ಅವ್ವನ ಜನ್ಮದಿನಾಂಕದ ಜಾಗ ಖಾಲಿ. ಈಗ ನಮ್ಮದು ದಾವಣಗೆರೆ ಜಿಲ್ಲೆ, ಅದರಲ್ಲಿ ಚಿತ್ರದುರ್ಗ ಅಂತಲೇ ಇದೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಆಧಾರನ್ನೇ ಗಂಗಮ್ಮ ಅಂತ ಮಾಡಿಸಿದರೆ ಸುಲಭವಾಗುತ್ತೆ ಅಂತಾರೆ. ಹಾಗೆ ಮಾಡಬಹುದಾ?

ನಿವೃತ್ತ ಸುಬೇದಾರ್ (ಕ್ಲರ್ಕ್), ಹರಿಹರ

ಆಧಾರ್ ಮುಟ್ಟಬೇಡಿ. ತಪ್ಪು ಎಲ್ಲಿ ಹುಟ್ಟಿದೆ ಅಂತ ಮೊದಲು ಹುಡುಕಿ. ನೋಡಬೇಕಾದ ಜಾಗ ಮೂರು: ರೆಕಾರ್ಡ್ಸ್‌ನಲ್ಲಿರುವ (ಅವರವರ ದಳದ ದಾಖಲೆ ಕಚೇರಿ) ಶೀಟ್ ರೋಲ್ ಅಂದರೆ ಸೇವಾ ದಾಖಲೆಯ ಹಾಳೆ, ಪಿಪಿಒ, ಸ್ಪರ್ಶ್ ಅನ್ನೋ ರಕ್ಷಣಾ ಪೆನ್ಷನ್ ವೆಬ್‌ಸೈಟ್. ಶೀಟ್ ರೋಲೇ ತಪ್ಪಿದ್ದರೆ ಪಾರ್ಟ್ ಟೂ ಆರ್ಡರ್ (ಕುಟುಂಬದಂಥ ವಿವರ ಸೇವಾ ದಾಖಲೆಗೆ ಸೇರಿಸುವ ಆದೇಶ) ಪ್ರಕಟವಾಗಬೇಕು, ಆಮೇಲಷ್ಟೇ ಮುಂದಿನದು. ಶೀಟ್ ರೋಲ್ ಸರಿ, ಪಿಪಿಒ ಮಾತ್ರ ತಪ್ಪು ಅಂದರೆ ರೆಕಾರ್ಡ್ಸ್‌ನವರು ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ಸ್‌ಗೆ (ರಕ್ಷಣಾ ಪೆನ್ಷನ್ ಲೆಕ್ಕದ ಕಚೇರಿ) ಬರೆದು ಕರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪಿಪಿಒ, ತರಿಸ್ತಾರೆ. ಎರಡೂ ಸರಿ ಇದ್ದು ಸ್ಪರ್ಶ್‌ಗೆ ಏರಿಸುವಾಗ ಎಡವಟ್ಟಾಗಿದ್ದರೆ ಪಿಪಿಒ ಸ್ಕ್ಯಾನ್ ಹಾಕಿ ಸ್ಪರ್ಶ್‌ನಲ್ಲೇ ದೂರು ಕೊಟ್ಟರೆ ಸಾಕು. ಜನ ಎಡವೋದು ಇಲ್ಲೇ. ಮೂರನೆಯ ತಪ್ಪಿಗೆ ಮೊದಲನೆಯ ದಾರಿ ಹಿಡಿದು ಒಂದು ವರ್ಷ ಕಳೀತಾರೆ.

ಪತ್ರದಲ್ಲಿ ಆರ್ಮಿ ನಂಬರ್ ಬರೆಯುವಾಗ ಕೊನೆಯ ಅಕ್ಷರ ಬಿಡಬೇಡಿ. ಅದು ಚೆಕ್ ಲೆಟರ್, ನಂಬರಿನ ಭಾಗವೇ. ರ‍್ಯಾಂಕ್, ಭರ್ತಿಯಾದ ದಿನ, ಡಿಸ್ಚಾರ್ಜ್ ಆದ ದಿನ, ಪಿಪಿಒ ನಂಬರ್ ನಾಲ್ಕೂ ಇರಲಿ. ಸಹಿ ನಿಮ್ಮದಲ್ಲ, ತಂದೆಯವರದು. ಮಗ ಸಹಿ ಹಾಕಿದ ಅರ್ಜಿ ಹಾಗೇ ವಾಪಸ್ ಬರುತ್ತೆ.

ಇನ್ನೊಂದು. ಕನ್ನಡದ ಶಾಲಾ ವರ್ಗಾವಣೆ ಪತ್ರ, ಕನ್ನಡದ ಅಫಿಡವಿಟ್ ಅಲ್ಲಿ ಯಾರೂ ಓದಲ್ಲ. ಅಫಿಡವಿಟ್ ಇಂಗ್ಲಿಷಿನಲ್ಲೇ ಮಾಡಿಸಿ. ಕನ್ನಡದ ದಾಖಲೆಗೆ ಅನುವಾದ ಸೇರಿಸಿ ನೋಟರಿ ಸಹಿ ಹಾಕಿಸಿ.

ವಿನೋಬನಗರ, ದಾವಣಗೆರೆ

ಸುಬೇದಾರ್ ಸಾಹೇಬ್ರೆ, ಎಲ್ಲರಿಗೂ ಅಷ್ಟು ಓಡಾಡೋ ಶಕ್ತಿ ಇರಲ್ಲ. ಆಧಾರ್ ದಾರಿ ತಪ್ಪೇನಲ್ಲ. ನಮ್ಮನೇಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ತಿಪ್ಪಮ್ಮ ಅನ್ನೋದರಲ್ಲಿ ಒಂದು 'ಪಿ' ಬಿಟ್ಟಿದ್ದರು. ಆಧಾರ್ ತಿದ್ದಿಸಿ, ಪ್ಯಾನ್ ತಿದ್ದಿಸಿ, ಸ್ಪರ್ಶ್‌ನಲ್ಲಿ ಹಾಕಿದ್ವಿ, ಮುಗೀತು. ರೆಕಾರ್ಡ್ಸ್‌ಗೆ ಒಂದು ಸ್ಪೀಡ್ ಪೋಸ್ಟೂ ಕಳಿಸಿಲ್ಲ. ಕೆಲಸ ಆಗಿದೆ, ಇವತ್ತಿಗೂ ಪೆನ್ಷನ್ ತಪ್ಪಿಲ್ಲ.

ನಿವೃತ್ತ ಸುಬೇದಾರ್ (ಕ್ಲರ್ಕ್), ಹರಿಹರ

ಒಂದು ಅಕ್ಷರ ಬೇರೆ, ಗಂಗಮ್ಮ ಗಂಗಾಧರಮ್ಮ ಬೇರೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಸಲ ಅವಕಾಶ, ಜನ್ಮದಿನಾಂಕಕ್ಕೆ ಒಂದೇ ಸಲ. ಆಧಾರ್ ಗಂಗಮ್ಮ ಆದ ದಿನವೇ ಪಹಣಿಯ ಗಂಗಾಧರಮ್ಮ ಬೇರೆ ಹೆಂಗಸಾಗ್ತಾರೆ. ಜಮೀನು, ಬ್ಯಾಂಕು, ರೇಷನ್ ಕಾರ್ಡು ಎಲ್ಲಾ ಮತ್ತೆ ತಿದ್ದಿಸಬೇಕು. ತಪ್ಪಿರೋದು ಒಂದು ಕಾಗದದಲ್ಲಿ, ಅದಕ್ಕೆ ಸರಿ ಇರೋ ಐದು ಕಾಗದ ಕೆಡಿಸೋದೇ?

ನಿಮ್ಮ ಮನೆಯ ಪೆನ್ಷನ್ ತಪ್ಪದೆ ಬರ್ತಿರೋದು ಪೆನ್ಷನರ್ ಬದುಕಿರೋದರಿಂದ. ಶೀಟ್ ರೋಲ್ ಹಾಗೇ ಉಳಿದಿದೆ. ಅವರು ಹೋದ ಮೇಲೆ ಹೆಂಡತಿ ಫ್ಯಾಮಿಲಿ ಪೆನ್ಷನ್ ಕೇಳುವ ದಿನ ಗೊತ್ತಾಗುತ್ತೆ.

ವಿನೋಬನಗರ, ದಾವಣಗೆರೆ

ಸಾಯೋ ಮಾತು ಯಾಕೆ ಸಾರ್ ಇಲ್ಲಿ? ಕೇಳಿದ್ದಕ್ಕೆ ಹೇಳಿದೆ ಅಷ್ಟೆ.

ನಿವೃತ್ತ ಯೋಧರ ಮಗಳು, ಚಿತ್ರದುರ್ಗ

ಆ ಮಾತು ಆಡಲೇಬೇಕು ಅಣ್ಣ. ಅಪ್ಪ ತೀರಿಕೊಂಡ ಮೇಲೆ ಇದೇ ತಪ್ಪು ತಿದ್ದಿಸಲು ಏನೇನು ಕೇಳಿದರು ಅಂತ ಬರೀತೀನಿ, ಲೆಕ್ಕ ಹಾಕಿಕೊಳ್ಳಿ.

ಮೊದಲ ಸಲ ಫೈಲ್ ವಾಪಸ್: ಅಫಿಡವಿಟ್‌ನಲ್ಲಿ ಎರಡು ಹೆಸರೂ ಒಬ್ಬರದೇ ಅನ್ನೋ ವಾಕ್ಯ ಇತ್ತು, ಆರ್ಮಿ ನಂಬರ್ ಇರಲಿಲ್ಲ. ಎರಡನೇ ಸಲ: ನೋಟರಿ ಸಾಲದು, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿ ಅಂದರು. ಮೂರನೇ ಸಲ: ಪತ್ರಿಕೆ ಜಾಹೀರಾತಿನ ಬರೀ ತುಣುಕು ಕಳಿಸಿದ್ವಿ, ದಿನಾಂಕ ಇರುವ ಇಡೀ ಪುಟ ಬೇಕು ಅಂದರು. ಜಾಹೀರಾತು ಎರಡು ಪತ್ರಿಕೆಗೆ, ಒಂದು ಕನ್ನಡ ಒಂದು ಇಂಗ್ಲಿಷ್, 3,100 ರೂಪಾಯಿ. ಛಾಪಾ ಕಾಗದ ಮೊದಲ ಸಲ 20 ರೂಪಾಯಿದು. ಮತ್ತೆ ಮಾಡಿಸೋ ಹೊತ್ತಿಗೆ ಅಫಿಡವಿಟ್‌ಗೆ 100 ಆಗಿತ್ತು. ವಕೀಲರಿಗೆ 1,500. ಅನುವಾದಕ್ಕೆ ಪುಟಕ್ಕೆ 250ರಂತೆ ಆರು ಪುಟ. ಸ್ಪೀಡ್ ಪೋಸ್ಟ್ ನಾಲ್ಕು ಸಲ. ಇಷ್ಟರ ಮಧ್ಯೆ ಹದಿನಾಲ್ಕು ತಿಂಗಳು ಅವ್ವನಿಗೆ ಒಂದು ಪೈಸೆ ಬರಲಿಲ್ಲ. ಬಾಕಿ ಒಟ್ಟಿಗೆ ಬಂತು, ನಿಜ. ಆದರೆ ಹದಿನಾಲ್ಕು ತಿಂಗಳು ಔಷಧಿ ಅಂಗಡಿಯವನು ಕಾಯಲ್ಲ.

ಪೆನ್ಷನರ್ ಬದುಕಿದ್ದರೆ ಗಂಡ ಹೆಂಡತಿ ಇಬ್ಬರ ಅಫಿಡವಿಟ್, ಜಾಯಿಂಟ್ ಫೋಟೊ ಆಗುತ್ತೆ. ಇವಳೇ ನನ್ನ ಹೆಂಡತಿ ಅಂತ ಅವರೇ ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅವರು ಹೋದ ಮೇಲೆ ಹೆಂಡತಿ ತಾನು ಹೆಂಡತಿ ಅಂತ ಕಾಗದದಲ್ಲಿ ರುಜುವಾತು ಮಾಡಬೇಕು.

ಜನ್ಮದಿನಾಂಕದ ಜಾಗ ಖಾಲಿ ಬಿಡಬೇಡಿ. ಫ್ಯಾಮಿಲಿ ಪೆನ್ಷನ್ ತಗೊಳ್ಳೋರಿಗೆ 80 ತುಂಬಿದ ಮೇಲೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50 ಹೆಚ್ಚು ಸಿಗುತ್ತೆ, ನೂರಕ್ಕೆ ಇನ್ನೊಂದು ಪಟ್ಟು. ದಿನಾಂಕವೇ ಇಲ್ಲದಿದ್ದರೆ ಯಾವ ವರ್ಷದಿಂದ ಕೊಡ್ತಾರೆ?

ಆರ್ಟಿಲರಿ ಹವಾಲ್ದಾರ್, ಹೊಳಲ್ಕೆರೆ

ಎಲ್ರೂ ಹೆಸರು ಹೆಸರು ಅಂತ ಕೂತಿದ್ದೀರಿ. ದುಡ್ಡು ಸೋರೋದು ಬೇರೆ ಕಡೆ. ಸ್ಪರ್ಶ್ ಪ್ರೊಫೈಲ್‌ನಲ್ಲಿ ರ‍್ಯಾಂಕ್, ಗ್ರೂಪ್ (ಟ್ರೇಡಿನ ಸಂಬಳ ವರ್ಗ), ಕ್ವಾಲಿಫೈಯಿಂಗ್ ಸರ್ವಿಸ್ (ಪೆನ್ಷನ್ನಿಗೆ ಲೆಕ್ಕವಾಗೋ ಸೇವೆ) ಈ ಮೂರು ಡಿಸ್ಚಾರ್ಜ್ ಬುಕ್ (ಸೇನೆ ಬಿಟ್ಟಾಗ ಕೊಟ್ಟ ಸೇವಾ ಪುಸ್ತಕ) ಪಕ್ಕದಲ್ಲಿಟ್ಟು ನೋಡ್ರಿ. ಒಆರ್‌ಒಪಿ (ಒಂದೇ ಶ್ರೇಣಿ, ಒಂದೇ ಪೆನ್ಷನ್) ಕೋಷ್ಟಕ ಇರೋದೇ ಈ ಮೂರರ ಮೇಲೆ, ಸರ್ವಿಸ್ ಅರ್ಧ ಅರ್ಧ ವರ್ಷದ ಮೆಟ್ಟಿಲು. ಮೂರು ತಿಂಗಳು ದಾಟಿದ್ರೆ ಅರ್ಧ ವರ್ಷ ಅಂತ ಲೆಕ್ಕ. 17 ವರ್ಷ 4 ತಿಂಗಳು ಇದ್ದೋರಿಗೆ ಹದಿನೇಳೂವರೆ ಬರಬೇಕು. 17 ಅಂತಲೋ 15 ಅಂತಲೋ ಹೊಡೆದಿದ್ರೆ 2014ರ ಜುಲೈ 1ರಿಂದ ಇವತ್ತಿನವರೆಗೆ ಪ್ರತಿ ತಿಂಗಳೂ ಕಡಿಮೆನೇ.

ಸರ್ವಿಸ್ ಕಡಿಮೆ ತೋರಿಸಿದ್ರೆ ಕಾರಣ ಕೇಳ್ರಿ. ಸಂಬಳವಿಲ್ಲದ ರಜೆ, ಜೈಲು ಇಂಥದ್ದು ಕಳೀತಾರೆ. ಅದು ನಿಜವಾಗಿ ಇತ್ತಾ ಅಂತ ನೋಡೋಕೆ ಆರ್‌ಟಿಐ ಹಾಕ್ರಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಪ್ರತಿ ಪುಟಕ್ಕೆ ಎರಡು ರೂಪಾಯಿ, 30 ದಿನ. "ನನ್ನ ದಾಖಲೆ ಕೊಡಿ" ಅಂತ ಬರೆದ್ರೆ ಏನೂ ಬರಲ್ಲ. "ಶೀಟ್ ರೋಲ್‌ನ ದೃಢೀಕೃತ ಪ್ರತಿ, ಕ್ವಾಲಿಫೈಯಿಂಗ್ ಸರ್ವಿಸ್ ಲೆಕ್ಕದ ಹಾಳೆ, ಕುಟುಂಬದ ಬಗ್ಗೆ ಪ್ರಕಟವಾದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳ ನಂಬರ್ ಮತ್ತು ದಿನಾಂಕ" ಅಂತ ಬಿಡಿಸಿ ಬರೀರಿ. ಅರ್ಜಿ ಅವರವರ ರೆಕಾರ್ಡ್ಸ್‌ಗೇ ಹೋಗ್ಬೇಕು. ಆರ್ಟಿಲರಿ ನಾಸಿಕ್ ರೋಡ್, ಇಎಂಇ ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ, ಎಂಇಜಿ ಬೆಂಗಳೂರು, ಮರಾಠಾ ಬೆಳಗಾವಿ. ನಿಮ್ಮ ತಂದೆಯವರದು ಎಎಸ್‌ಸಿ ಸೌತ್ ಆದ್ರೆ ಬೆಂಗಳೂರೇ, ಪುಣ್ಯ ಮಾಡಿದ್ದೀರಿ.

ಹರಪನಹಳ್ಳಿ

ಜಿಲ್ಲೆ ವಿಷಯಕ್ಕೆ ಯಾರೂ ಉತ್ತರಾನೇ ಕೊಟ್ಟಿಲ್ಲ. ನಮ್ಮ ಗೋಳು ಕೇಳ್ರಿ. ಭರ್ತಿ ಆದಾಗ ಬಳ್ಳಾರಿ ಜಿಲ್ಲಾ. 1997ರಾಗ ದಾವಣಗೆರಿ. 2018ರಾಗ ಮತ್ತ ಬಳ್ಳಾರಿ. ಈಗ ವಿಜಯನಗರ. ಮನಿ ಒಂದಿಂಚು ಸರಿದಿಲ್ಲ, ಕಾಗದದಾಗ ಮೂರು ಸಲ ಜಿಲ್ಲಾ ಬಿಟ್ಟೀವಿ. ಡಿಸ್ಚಾರ್ಜ್ ಬುಕ್ಕಿನ ಜಿಲ್ಲಾ ತಿದ್ದಸಾಕ ಹೋಗಬ್ಯಾಡ್ರಿ. ಭರ್ತಿ ಆದ ದಿನ ಅದು ಖರೇನ ಇತ್ತು, ತಪ್ಪಲ್ಲ. ಸ್ಪರ್ಶ್‌ನಾಗ ಈಗಿನ ವಿಳಾಸ ಅಷ್ಟೇ ಬದಲು ಮಾಡ್ರಿ. ಯಾರಾದ್ರೂ ಕೇಳಿದ್ರ ತಹಶೀಲ್ದಾರ್ ಕಡಿಂದ ವಾಸಸ್ಥಳ ಪ್ರಮಾಣಪತ್ರ ತಂದು, ತಾಲ್ಲೂಕು ಹಿಂದ ಇಂಥಾ ಜಿಲ್ಲಾದಾಗ ಇತ್ತು ಅಂತ ಬರಸ್ರಿ. ಜಗಳೂರು, ಹರಿಹರ, ದಾವಣಗೆರಿ ಮೂರೂ ತಾಲ್ಲೂಕು 1997ರ ತನಕ ಚಿತ್ರದುರ್ಗದಾಗ ಇದ್ವು, ಎಲ್ಲಾರಿಗೂ ಗೊತ್ತಿರೋದ.

ಚನ್ನಗಿರಿ

ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಅದನ್ನೂ ಸೇರಿಸಿ, ನಮ್ಮನ್ನ ಯಾವಾಗಲೂ ಬಿಟ್ಟೇ ಬಿಡ್ತೀರಿ. ಇನ್ನೊಂದು ತಿದ್ದುಪಡಿ ಬಗ್ಗೆಯೂ ಹೇಳಿ. ಮೆಡಿಕಲ್ ಬೋರ್ಡ್ ಹಾಳೆಯಲ್ಲಿ ಕಾಯಿಲೆ "ಸೇವೆಯಿಂದ ಆದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ" ಅಂತ ಬರೆದು ಕಳಿಸಿದ್ದಾರೆ. ಆ ಸಾಲು ತಪ್ಪು. ಅದನ್ನು ರೆಕಾರ್ಡ್ಸ್‌ನಲ್ಲಿ ತಿದ್ದಿಸೋದು ಹೇಗೆ?

ನಿವೃತ್ತ ಸುಬೇದಾರ್ (ಕ್ಲರ್ಕ್), ಹರಿಹರ

ಅದು ತಿದ್ದುಪಡಿ ಅಲ್ಲ, ಮೇಲ್ಮನವಿ. ಬರವಣಿಗೆಯ ತಪ್ಪು ಬೇರೆ, ಬೋರ್ಡಿನ ಅಭಿಪ್ರಾಯ ಬೇರೆ. ರೆಕಾರ್ಡ್ಸ್‌ನ ಕ್ಲರ್ಕ್ ವೈದ್ಯರ ಅಭಿಪ್ರಾಯ ತಿದ್ದೋಕಾಗಲ್ಲ. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು.

ಚನ್ನಗಿರಿ

ಕ್ಲರ್ಕ್‌ಗಳು ಹೀಗೇ ಹೇಳಿ ಹೇಳಿ ಎಷ್ಟು ಜನರನ್ನ ಮನೆಗೆ ಕಳಿಸಿದ್ದೀರಿ ಸಾಹೇಬ್ರೆ? ಭರ್ತಿ ಆಗುವಾಗ ಕಾಯಿಲೆ ನಮೂದಿಲ್ಲದಿದ್ದರೆ ಸೇವೆಯಲ್ಲೇ ಬಂದದ್ದು ಅಂತ ಭಾವಿಸಬೇಕು ಅಂತ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನಿವೃತ್ತ ಸುಬೇದಾರ್ (ಕ್ಲರ್ಕ್), ಹರಿಹರ

ಹೌದು, ಅದೇ ತೀರ್ಪನ್ನು ಮೇಲ್ಮನವಿಯಲ್ಲಿ ಬರೆಯಿರಿ. ಭರ್ತಿ ಸಮಯದ ವೈದ್ಯಕೀಯ ಪರೀಕ್ಷೆಯ ಹಾಳೆ ಆರ್‌ಟಿಐನಲ್ಲಿ ತರಿಸಿ ಜೊತೆಗಿಡಿ, ಆ ಹಾಳೆ ಇಲ್ಲದೆ ತೀರ್ಪು ಒಂದೇ ಕೆಲಸಕ್ಕೆ ಬರಲ್ಲ. ಕೇಸ್ ತಡವಾಗಿ ಹಾಕಿದರೆ ಬಾಕಿ ಪೆನ್ಷನ್ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಸಿಗುತ್ತೆ. 2008ರ ತರ್ಸೇಮ್ ಸಿಂಗ್ ತೀರ್ಪು ಓದಿ. ದಾರಿ ತೋರಿಸಿದವರನ್ನೇ ಬೈಯಬೇಡಿ.

ಹಿರಿಯೂರು

1971ರಲ್ಲಿ ಗಡೀಲಿದ್ದೋರ ಡಿಸ್ಚಾರ್ಜ್ ಬುಕ್ಕಿನಲ್ಲಿ ಪಶ್ಚಿಮಿ ಸ್ಟಾರ್ ಪದಕ ನಮೂದಾಗಿಲ್ಲ. ಪೆನ್ಷನ್ ಬರದೆ 1976ರಲ್ಲಿ ಬಂದೋರು. ಏನ್ಮಾಡ್ಬೇಕು?

ವಿನೋಬನಗರ, ದಾವಣಗೆರೆ

ಪದಕದಿಂದ ಪೆನ್ಷನ್ ಹೆಚ್ಚಲ್ಲ. ಇಷ್ಟು ವರ್ಷ ಆದ ಮೇಲೆ ಅದಕ್ಕೆ ಯಾಕೆ ಓಡಾಟ?

ಹಿರಿಯೂರು

ಪೆನ್ಷನ್ ಇಲ್ಲದೋರಿಗೆ ಉಳಿದಿರೋದು ಅದೊಂದೇ. ಮಾತಾಡೋ ಮುಂಚೆ ಯೋಚನೆ ಮಾಡಿ.

ಆರ್ಟಿಲರಿ ಹವಾಲ್ದಾರ್, ಹೊಳಲ್ಕೆರೆ

ಹಿರಿಯೂರಿನೋರೆ, ಪೆನ್ಷನ್ ಇಲ್ಲದೋರ ಸೇವಾ ದಾಖಲೆ 25 ವರ್ಷ ಆದ್ಮೇಲೆ ನಾಶ ಮಾಡ್ತಾರೆ, ನಿಯಮವೇ ಹಾಗಿದೆ. ನಿಮ್ಮ ಕೈಲಿರೋ ಡಿಸ್ಚಾರ್ಜ್ ಬುಕ್ಕೇ ಈಗ ಮೂಲ ದಾಖಲೆ. ಅಂಚೆಗೆ ಹಾಕಬೇಡಿ, ಯಾರ ಕೈಗೂ ಕೊಡಬೇಡಿ. ಪ್ರತಿ ಪುಟ ಸ್ಕ್ಯಾನ್ ಮಾಡಿ ದೃಢೀಕರಿಸಿದ ನಕಲನ್ನಷ್ಟೇ ಕಳಿಸಿ. 1971ರ ಡಿಸೆಂಬರ್‌ನಲ್ಲಿ ಯಾವ ಯೂನಿಟ್‌ನಲ್ಲಿ ಇದ್ರು ಅಂತ ಬುಕ್ಕಿನಲ್ಲಿದ್ರೆ ಅದರ ಮೇಲೆ ರೆಕಾರ್ಡ್ಸ್‌ಗೆ ಅರ್ಜಿ ಹಾಕಬಹುದು. ಯೂನಿಟ್ಟೇ ಇಲ್ಲ ಅಂದ್ರೆ ಕಷ್ಟ.

ಕೇಳಿದವರು, ಜಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ ತೆಗೆಸಿದೆ. ಕುಟುಂಬದ ಪುಟದಲ್ಲಿ ಗಂಗಾಧರಮ್ಮ ಅಂತ ಸರಿಯಾಗೇ ಇದೆ, ಪಾರ್ಟ್ ಟೂ ಆರ್ಡರ್ ನಂಬರೂ ಇದೆ. ಜನ್ಮದಿನಾಂಕ ಮಾತ್ರ ಅಲ್ಲೂ ಇಲ್ಲ. ಸರ್ವಿಸ್ 17 ವರ್ಷ 3 ತಿಂಗಳು 12 ದಿನ. ಸ್ಪರ್ಶ್‌ನಲ್ಲಿ ಬರೀ 17 ಅಂತಿದೆ.

ನಿವೃತ್ತ ಸುಬೇದಾರ್ (ಕ್ಲರ್ಕ್), ಹರಿಹರ

ಹಾಗಾದರೆ ಹೆಸರಿನ ತಪ್ಪು ನಿಮ್ಮವರದಲ್ಲ, ಪಿಪಿಒದ್ದು. ಜಾಹೀರಾತು ಗೀಹೀರಾತು ಏನೂ ಬೇಡ. ಆ ಪಾರ್ಟ್ ಟೂ ಆರ್ಡರ್ ನಂಬರ್ ಬರೆದು, ಕುಟುಂಬದ ಪುಟದ ನಕಲು, ಪಿಪಿಒ ನಕಲು, ಇಬ್ಬರ ಆಧಾರ್ ಮತ್ತು ಪ್ಯಾನ್, ಜಾಯಿಂಟ್ ಫೋಟೊ ಇಟ್ಟು ಎಎಸ್‌ಸಿ ರೆಕಾರ್ಡ್ಸ್ ಸೌತ್‌ಗೆ ಕರಿಜೆಂಡಮ್ ಕೇಳಿ. ಜನ್ಮದಿನಾಂಕಕ್ಕೆ ಅದೇ ಪತ್ರದಲ್ಲಿ ಬೇರೆ ಪ್ಯಾರಾ ಬರೆಯಿರಿ, ಶಾಲೆಯ ದಾಖಲೆ ಇದ್ದರೆ ಅನುವಾದದ ಜೊತೆ ಸೇರಿಸಿ. ಅದಕ್ಕೆ ಅಫಿಡವಿಟ್ ಬೇಕೇ, ಯಾರ ಮುಂದೆ ಮಾಡಿಸಬೇಕು ಅಂತಲೂ ಆ ಪತ್ರದಲ್ಲೇ ಕೇಳಿ. ಅವರು ಬರೆದುಕೊಟ್ಟ ಹಾಗೇ ಮಾಡಿಸಿ.

ಆರ್ಟಿಲರಿ ಹವಾಲ್ದಾರ್, ಹೊಳಲ್ಕೆರೆ

3 ತಿಂಗಳು 12 ದಿನ! ಅಂದ್ರೆ ಹದಿನೇಳೂವರೆ. ಪಿಪಿಒದಲ್ಲಿ ಎಷ್ಟಿದೆ ನೋಡಿ. ಅಲ್ಲಿ ಹದಿನೇಳೂವರೆ ಇದ್ರೆ ಇವತ್ತೇ ಸ್ಪರ್ಶ್‌ನಲ್ಲಿ ದೂರು ಹಾಕಿ. ಅಲ್ಲೂ 17 ಅಂತಿದ್ರೆ ಅದೇ ಕರಿಜೆಂಡಮ್ ಪತ್ರದಲ್ಲಿ ಮೂರನೇ ಪ್ಯಾರಾ ಮಾಡಿ, ಲೆಕ್ಕದ ಹಾಳೆಯನ್ನೂ ಕೇಳಿ. ಓಟಿಪಿ ಮಾತ್ರ ಯಾವ ಏಜೆಂಟ್‌ಗೂ ಹೇಳಬೇಡಿ, ತಂದೆಯವರ ಪಕ್ಕದಲ್ಲಿ ಕೂತು ನೀವೇ ಮಾಡಿ.