ನೈಟ್ರಿಕ್ ಆಕ್ಸೈಡ್ ಸಿಗ್ನಲ್ಲಾ, ವಿಷಾನಾ?

ಕೋಶಜಿಜ್ಞಾಸು:
ಎಂಎಸ್ಸಿ ಬಯೋಕೆಮಿಸ್ಟ್ರಿ ಓದ್ತಿದೀನಿ. ಒಂದು ಪಾಠದಲ್ಲಿ ನೈಟ್ರಿಕ್ ಆಕ್ಸೈಡ್ ರಕ್ತನಾಳ ಸಡಿಲ ಮಾಡೋ ಸಿಗ್ನಲ್ ಅಂತಾರೆ, ಇನ್ನೊಂದ್ರಲ್ಲಿ ಅದರಿಂದಲೇ ಹುಟ್ಟೋ ಪೆರಾಕ್ಸಿನೈಟ್ರೈಟ್ ಪ್ರೋಟೀನ್ ಹಾಳು ಮಾಡುತ್ತೆ ಅಂತಾರೆ. ಅದೂ ಅಲ್ದೆ ಇದು ಗ್ಯಾಸು, ಮೆಂಬ್ರೇನ್ ದಾಟಿ ಎಲ್ಲಿಗೆ ಬೇಕಾದ್ರೂ ಹೋಗುತ್ತೆ, ಹಂಗಿದ್ಮೇಲೆ ಸಿಗ್ನಲ್ ಯಾರಿಗೆ ತಲುಪ್ಬೇಕು ಅನ್ನೋದು ಹೇಗೆ ತೀರ್ಮಾನ ಆಗುತ್ತೆ?

ರೆಡಾಕ್ಸ್‌ಪ್ರೇಮಿ:
ಎಷ್ಟು ಇದೆ, ಪಕ್ಕದಲ್ಲಿ ಏನಿದೆ, ಇವೆರಡೇ ಮುಖ್ಯ. ರಕ್ತನಾಳದ ಒಳಪದರ ಎಂಡೋಥೀಲಿಯಂನಲ್ಲಿ ಅರ್ಜಿನೈನ್‌ನಿಂದ ತಯಾರಾಗಿದ್ದು ನ್ಯಾನೋಮೋಲಾರ್ ಮಟ್ಟದಲ್ಲೇ ಪಕ್ಕದ ಸ್ನಾಯುಕೋಶದ ಎನ್ಜೈಮ್ ಆದ ಗ್ವಾನೈಲೇಟ್ ಸೈಕ್ಲೇಸ್‌ಗೆ ಸಾಕಾಗುತ್ತೆ. ಅದರ ಹೀಮ್ ಕಬ್ಬಿಣಕ್ಕೆ ಅಂಟ್ಕೊಂಡ ತಕ್ಷಣ ಆಚೆ ಕಡೆ ಹಿಸ್ಟಿಡಿನ್ ಬಾಂಡ್ ಬಿಟ್ಟೋಗುತ್ತೆ, ಎನ್ಜೈಮ್ ಆಕಾರ ಬದಲಾಗಿ ಕೋಶದೊಳಗಿನ ಸಂದೇಶವಾಹಕ ಸೈಕ್ಲಿಕ್ ಜಿಎಂಪಿ ಏರುತ್ತೆ, ಸ್ನಾಯು ಸಡಿಲ ಆಗುತ್ತೆ. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೋ, ಮುರಾದ್‌ಗೆ ಸಿಕ್ಕಿದ್ದು ಇದೇ ದಾರಿ ಬಿಡಿಸಿದ್ದಕ್ಕೆ.

ಅದೇ ಜಾಗದಲ್ಲಿ ಸೂಪರ್ಆಕ್ಸೈಡ್ (ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಪಡೆದ ಆಕ್ಸಿಜನ್) ಜಾಸ್ತಿ ಇದ್ರೆ ಎರಡೂ ಎದುರಾದ ಕೂಡ್ಲೇ ಪೆರಾಕ್ಸಿನೈಟ್ರೈಟ್. ಈ ರಿಯಾಕ್ಷನ್ ಎಷ್ಟು ವೇಗ ಅಂದ್ರೆ ಸೂಪರ್ಆಕ್ಸೈಡ್ ತೆಗೆಯೋ ಎನ್ಜೈಮ್ ಎಸ್ಒಡಿ (ಸೂಪರ್ಆಕ್ಸೈಡ್ ಡಿಸ್ಮ್ಯುಟೇಸ್) ಜೊತೆ ಪೈಪೋಟಿಗೆ ಬೀಳುತ್ತೆ. ಟೆಟ್ರಾಹೈಡ್ರೋಬಯಾಪ್ಟೆರಿನ್ ಅನ್ನೋ ಕೋಫ್ಯಾಕ್ಟರ್ ಕಮ್ಮಿ ಆದ್ರಂತೂ ನೈಟ್ರಿಕ್ ಆಕ್ಸೈಡ್ ಮಾಡ್ಬೇಕಾದ ಎನ್ಜೈಮೇ ಸೂಪರ್ಆಕ್ಸೈಡ್ ಮಾಡೋಕೆ ಶುರು ಮಾಡುತ್ತೆ, ನನಗೆ ಇಡೀ ವಿಷಯದಲ್ಲಿ ತುಂಬಾ ಕಾಡೋ ಭಾಗ ಇದು.

ಥಯೋಲ್:
ಗ್ಯಾಸ್ ಪ್ರಶ್ನೆ ಒಳ್ಳೇದು. ಹರಡುತ್ತೆ ನಿಜ, ಆದ್ರೆ ದೂರ ಹೋಗೋಷ್ಟರಲ್ಲಿ ಕರಗೋಗುತ್ತೆ, ರಕ್ತಕ್ಕೆ ಸೇರಿದ್ರೆ ಹಿಮೋಗ್ಲೋಬಿನ್ ನುಂಗ್ಬಿಡುತ್ತೆ. ಅದಕ್ಕೇ ಎನ್ಜೈಮ್ ಎಲ್ಲಿ ಕೂತಿದೆ ಅನ್ನೋದು ಮುಖ್ಯ. ನ್ಯೂರಾನ್‌ನಲ್ಲಿ ಅದನ್ನ ಪಿಎಸ್‌ಡಿ-95 ಅನ್ನೋ ಪ್ರೋಟೀನು ಗ್ಲುಟಮೇಟ್ ಬಂದಾಗ ತೆರೆಯೋ ಎನ್ಎಂಡಿಎ ರಿಸೆಪ್ಟರ್ ಪಕ್ಕದಲ್ಲೇ ಕಟ್ಟಿ ಇಟ್ಟಿರುತ್ತೆ, ಚಾನೆಲ್ ತೆರೆದು ಕ್ಯಾಲ್ಸಿಯಂ ಒಳಗೆ ಬಂದ ಜಾಗದಲ್ಲೇ ಕ್ಯಾಲ್ಸಿಯಂ ಹಿಡಿಯೋ ಪ್ರೋಟೀನ್ ಕ್ಯಾಲ್ಮಾಡ್ಯುಲಿನ್ ಮೂಲಕ ಎನ್ಜೈಮ್ ಎಚ್ಚರ ಆಗುತ್ತೆ. ಹತ್ತಿರದ ಪ್ರೋಟೀನ್‌ಗಳ ಸಿಸ್ಟೀನ್ ಮೇಲೆ ನೈಟ್ರೋಸೈಲೇಷನ್ (ಎನ್ಒ ಗುಂಪು ಅಂಟೋದು) ಕೂಡ ಆಗುತ್ತೆ, ಅದನ್ನ ವಾಪಸ್ ತೆಗೆಯೋಕೆ ಥಯೋರೆಡಾಕ್ಸಿನ್ ಅನ್ನೋ ಪ್ರೋಟೀನ್ ಇದೆ. ಹಾಕಿ ತೆಗೆಯೋ ವ್ಯವಸ್ಥೆ ಎರಡೂ ಇರೋದ್ರಿಂದಲೇ ನಾನು ಇದನ್ನ ಫಾಸ್ಫೊರಿಲೇಷನ್ (ಫಾಸ್ಫೇಟ್ ಹಾಕಿ ಪ್ರೋಟೀನ್ ಕೆಲಸ ಬದಲಿಸೋದು) ಸಾಲಿಗೆ ಸೇರಿಸ್ತೀನಿ.

ಕೋಶಜಿಜ್ಞಾಸು:
ತುಂಬಾ ಥ್ಯಾಂಕ್ಸ್, ಈಗ ಎರಡೂ ಪಾಠ ಒಂದಕ್ಕೊಂದು ಕೂಡ್ತಾ ಇದೆ. ಹಂಗಾದ್ರೆ ಟಿಶ್ಯೂನಲ್ಲಿ ನೈಟ್ರೋಟೈರೋಸಿನ್ (ನೈಟ್ರೋ ಗುಂಪು ಅಂಟಿದ ಟೈರೋಸಿನ್) ಕಂಡ್ರೆ ಪೆರಾಕ್ಸಿನೈಟ್ರೈಟ್ ಇತ್ತು ಅಂತ ಬರೀಬಹುದಾ?

ರೆಡಾಕ್ಸ್‌ಪ್ರೇಮಿ:
ಅದೊಂದರ ಮೇಲೆ ಬರೀಬೇಡಿ. ಉರಿಯೂತ ಇರೋ ಕಡೆ ಬಿಳಿ ರಕ್ತಕಣಗಳ ಎನ್ಜೈಮ್ ಮೈಲೋಪೆರಾಕ್ಸಿಡೇಸ್ ಕೂಡ ನೈಟ್ರೈಟು, ಹೈಡ್ರೋಜನ್ ಪೆರಾಕ್ಸೈಡ್ ಬಳಸ್ಕೊಂಡು ಅದೇ ಗುರುತು ಮಾಡುತ್ತೆ. ನೈಟ್ರಿಕ್ ಆಕ್ಸೈಡ್ ಸಿಂಥೇಸ್ ತಡೆದಾಗ, ಸೂಪರ್ಆಕ್ಸೈಡ್ ತೆಗೆದಾಗ, ಎರಡು ಸಲಾನೂ ಗುರುತು ಕಮ್ಮಿ ಆಗುತ್ತಾ ನೋಡಿ, ಮೈಲೋಪೆರಾಕ್ಸಿಡೇಸ್ ತಡೆದೂ ಒಂದು ಸಲ ನೋಡಿ, ಆಮೇಲೆ ಬರೀರಿ.